ಜೀರಿಗೆ ಹುರಿದವರ ಹೆಸರು

ಬೋರವಾಡಿ, ತಾ. ಅಥಣಿ
ಬುಧವಾರ, 2 ಏಪ್ರಿಲ್ 2025

ಪ್ರೀತಿಯ ಮಗಳು ಉಜ್ವಲಾಳಿಗೆ ಅಪ್ಪನ ಜೈ ಭೀಮ.

ನಿನ್ನ ಪತ್ರ ಬಂದು ಆರು ದಿನವಾಯಿತು. ಬಂದ ದಿನವೇ ಉತ್ತರ ಬರೆಯಲು ಕುಳಿತಿದ್ದೆ. ಎರಡು ಸಾಲು ಬರೆದು ನಿಲ್ಲಿಸಿದೆ. ಈ ಸಲ ಲಕೋಟೆಯೊಳಗೆ ಪತ್ರದ ಜೊತೆ ಇನ್ನೊಂದು ಕಾಗದದ ಚೂರು ಇಟ್ಟು ಕಳಿಸಬೇಕು ಎಂಬ ಆಸೆ ಹುಟ್ಟಿತು. ಅದರ ಸಲುವಾಗಿ ಚಿಕ್ಕೋಡಿಗೆ ಎರಡು ಸಲ ಬಸ್ಸು ಹತ್ತಿ ಇಳಿದೆ. ಪ್ರೆಸ್ಸಿನವನು ಮೊದಲ ಸಲ ಕರೆಂಟ್ ಇಲ್ಲ ಎಂದ, ಎರಡನೆಯ ಸಲ ಯುಗಾದಿ ಮುಗಿಯಲಿ ಎಂದ. ತಡ ಆದದ್ದು ಅದಕ್ಕೆ. ಸಿಟ್ಟಾಗಬೇಡ.

ನಾವಿಬ್ಬರೂ ಆರಾಮವಾಗಿದ್ದೇವೆ. ಬಿಸಿಲು ಈಗಲೇ ಜೋರು. ಹತ್ತು ಗಂಟೆಯ ಮೇಲೆ ಅಂಗಳದಲ್ಲಿ ಕಾಲಿಡಲಾಗದು. ನನ್ನ ಬಲಗಣ್ಣಿನ ಪೊರೆ ಇನ್ನೂ ಬಲಿತಿಲ್ಲ, ಆರು ತಿಂಗಳು ಬಿಟ್ಟು ಬಾ ಎಂದು ಡಾಕ್ಟರು ಹೇಳಿದ್ದಾರೆ. ಎಡಗಣ್ಣಿನಲ್ಲೇ ಮೂರು ಪೇಪರು ಓದಿ ಮುಗಿಸುತ್ತೇನೆ. ನಾಲ್ಕನೆಯದನ್ನು ಬಿಟ್ಟಿದ್ದೇನೆ. ನಿನ್ನ ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ. ಅವಳಿಗೆ ಈಗ ಮೊಣಕಾಲಿನ ಕಡೆ ಲಕ್ಷ್ಯ ಕೊಡಲು ಪುರಸೊತ್ತಿಲ್ಲ ಎಂದರೂ ಸರಿಯೇ.

ನಿಮ್ಮ ಪೊಲೀಸ್ ತರಬೇತಿ ಶಾಲೆಯಲ್ಲಿ ರವಿವಾರ ಹತ್ತು ನಿಮಿಷ ಮಾತ್ರ ಫೋನು ಕೊಡುತ್ತಾರೆ, ಅದರಲ್ಲಿ ಅವ್ವ "ನೀ ಉಂಡಿ? ಏನ ಉಂಡಿ? ಎಷ್ಟ ಉಂಡಿ?" ಎಂದು ಕೇಳುವುದರಲ್ಲೇ ಎಂಟು ನಿಮಿಷ ಹೋಗುತ್ತದೆ ಎಂದು ಬರೆದಿದ್ದೀಯ. ಜೀರಿಗೆಯ ಸುದ್ದಿ ಅರ್ಧ ಮಾತ್ರ ಕೇಳಿಸಿತು, ಪೇಪರಿನಲ್ಲಿ ಬರುವ ಹಾಗೆ ಪೂರ್ತಿ ಬರೆ ಎಂದಿದ್ದೀಯ. ಹಾಗೇ ಬರೆಯುತ್ತೇನೆ. ಮೂವತ್ತೊಂದು ವರ್ಷ ಪಂಚಾಯಿತಿ ಗ್ರಂಥಾಲಯ ನಡೆಸಿದವನು ನಾನು. ಹೆಸರು, ತಾರೀಖು, ಊರು ಈ ಮೂರೂ ಸರಿ ಇದ್ದರೆ ಮಾತ್ರ ಸುದ್ದಿ, ಇಲ್ಲದಿದ್ದರೆ ಅದು ಕಟ್ಟೆಯ ಮೇಲಿನ ಹರಟೆ ಎಂದು ಅಲ್ಲಿಗೆ ಬರುವ ಹುಡುಗರಿಗೆ ಹೇಳುತ್ತಿದ್ದೆ. ನಿನಗೂ ಹೇಳಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನೀನು ಐದನೆಯ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಬೆಳೆದವಳು, ವಿರುಪಾಕ್ಷಪ್ಪ ಗೌಡರ ಅಂಗಳದಲ್ಲಿ ನಡೆಯುವುದೆಲ್ಲ ನಿನಗೆ ಗೊತ್ತಿರಲಿಕ್ಕಿಲ್ಲ. ಅವರಿಗೆ ಕಬ್ಬಿನ ಹೊಲ, ದ್ರಾಕ್ಷಿ ಪಡ ಎರಡೂ ಇವೆ. ಅವರ ಹೆಂಡತಿ ಗೌರಾಬಾಯಿ. ಅವರ ಮನೆಯ ಮಸಾಲೆ ಖಾರಕ್ಕೆ ಸುತ್ತಲಿನ ಐದಾರು ಊರಿನಲ್ಲಿ ಹೆಸರಿದೆ. ವರ್ಷಕ್ಕೊಮ್ಮೆ, ಬೇಸಿಗೆ ಹತ್ತುವಾಗ, ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಎಳ್ಳು, ಒಣಕೊಬ್ಬರಿ ಎಲ್ಲವನ್ನೂ ಹಸನು ಮಾಡಿ, ಹುರಿದು, ಅಥಣಿಗೆ ಒಯ್ದು ಕುಟ್ಟಿಸಿಕೊಂಡು ಬರುತ್ತಾರೆ. ಸಾಂಗಲಿ, ಪುಣೆಗೆ ಕೊಟ್ಟ ಹೆಣ್ಣುಮಕ್ಕಳು ಡಬ್ಬಿ ತುಂಬಿಕೊಂಡು ಹೋಗುತ್ತಾರೆ.

ಆ ಜೀರಿಗೆಯನ್ನು ಇಪ್ಪತ್ತೆಂಟು ವರ್ಷ ಹಸನು ಮಾಡಿದವಳು ನಿನ್ನ ಅವ್ವ. ಜೀರಿಗೆ ನಮ್ಮ ಸೀಮೆಯ ಬೆಳೆಯಲ್ಲ. ಗುಜರಾತ, ರಾಜಸ್ಥಾನದ ಕಡೆಯಿಂದ ಚೀಲದಲ್ಲಿ ಬರುತ್ತದೆ. ಕಡ್ಡಿ, ಹರಳು, ಮಣ್ಣಿನ ಹೆಂಟೆ ಕೂಡ ಅದರ ಜೊತೆಗೇ ಬರುತ್ತವೆ. ಕೆಲವೊಮ್ಮೆ ಬಣ್ಣ ಹಚ್ಚಿದ ಹುಲ್ಲಿನ ಬೀಜವೂ ಇರುತ್ತದೆ. ಅಂಗೈಯಲ್ಲಿ ತಿಕ್ಕಿದರೆ ಕಪ್ಪು ಹತ್ತುವುದು ಅದೇ. ನಿನ್ನ ಅವ್ವ ಮೊರದಲ್ಲಿ ಎರಡು ಸಲ ಕೇರಿದರೆ ಸಾಕು, ಜೀರಿಗೆ ಒಂದು ಕಡೆ, ಕಸ ಒಂದು ಕಡೆ. ಗೌಡರ ಮನೆಯವರು ಬೇರೆ ಯಾರ ಕೈಗೂ ಆ ಕೆಲಸ ಕೊಟ್ಟಿಲ್ಲ.

ಆದರೆ ಮೊರ ಹೊಸ್ತಿಲಿನ ಹೊರಗೆ, ಒಲೆ ಹೊಸ್ತಿಲಿನ ಒಳಗೆ. ಹಸಿ ಕಾಳಿಗೆ ಯಾರ ಕೈ ಆದರೂ ನಡೆಯುತ್ತದೆ. ಬೆಂಕಿ ಕಂಡ ಮೇಲೆ ನಮ್ಮ ಕೈ ನಡೆಯುವುದಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ನನ್ನ ಎದುರಿಗೆ ಯಾರೂ ಬಾಯಿ ಬಿಟ್ಟು ಹೇಳಿಯೂ ಇಲ್ಲ. ಹೇಳುವ ಅಗತ್ಯವೇ ಬಿದ್ದಿಲ್ಲ.

ತಮಾಷೆ ಎಂದರೆ, ಗೌರಾಬಾಯಿಯವರಿಗೆ ಮಸಾಲೆಯ ಅಳತೆ ಗೊತ್ತು, ಜೀರಿಗೆ ಹುರಿಯುವ ಹದ ಗೊತ್ತಿಲ್ಲ. ಆ ಹದ ನಿನ್ನ ಅವ್ವನಿಗೆ ಗೊತ್ತು. ಹೀಗಾಗಿ ವರ್ಷ ವರ್ಷವೂ ಅವರು ಒಳಗೆ ಒಲೆಯ ಮುಂದೆ, ಇವಳು ಅಂಗಳದಲ್ಲಿ ಮೊರದ ಮುಂದೆ. ಇವಳು ಅಲ್ಲಿಂದಲೇ ಮೂಗು ಎತ್ತಿ ಕೂಗುವುದು.

"ಅವ್ವಾರ, ಉರಿ ಸಣ್ಣ ಮಾಡ್ರಿ! ವಾಸನಿ ಓಡಾಕತ್ತೈತಿ!"

"ಮಾಡೇನ ಬೇ!"

"ಇನ್ನೂ ಸಣ್ಣ! ಹಾಂ. ಈಗ ಕೈಯಾಡಸ್ರಿ. ನಿಂದರಬ್ಯಾಡ್ರಿ. ಇಳಸ್ರಿ, ಇಳಸ್ರಿ ಅಂದ್ರ!"

"ನಿನ್ನ ಮೂಗ ಕೊಯ್ದ ಈ ಒಲಿ ಮ್ಯಾಲ ತೂಗ ಹಾಕಬೇಕ ನೋಡ ಜನಾಬಾಯಿ! ಕುಂತಲ್ಲೆ ಹೆಂಗ ತಿಳಿತೈತಿ ನಿನಗ?"

ಅವಳು ಇಪ್ಪತ್ತೆಂಟು ವರ್ಷ ಹೀಗೆ ಬಾಗಿಲ ಹೊರಗೆ ಕುಳಿತು ಹುರಿದಳು. ಹೆಸರು ಗೌರಾಬಾಯಿಯವರ ಖಾರಕ್ಕೆ ಬಂತು. ಅವರು ಕೆಟ್ಟವರಲ್ಲ. ನೀನು ಹತ್ತನೆಯ ತರಗತಿ ಪಾಸಾದಾಗ ನಿನಗೆ ಗಡಿಯಾರ ಕಟ್ಟಿಸಿದವರು ಅವರೇ. ಆದರೆ ಅವರ ಮನೆಯ ಗೋಡೆ ನಿಂತದ್ದೂ ಹಾಗೇ, ನಾವು ನಡೆದದ್ದೂ ಹಾಗೇ.

ಹೋದ ದೀಪಾವಳಿಯ ಮೇಲೆ ಅವರ ಸೊಸೆ ರೂಪಾಲಿ ಹತ್ತು ಜನ ಹೆಣ್ಣುಮಕ್ಕಳನ್ನು ಕೂಡಿಸಿ ಸಂಘ ಮಾಡಿದಳು. ರೂಪಾಲಿ ಅವರ ಮಗ ವಿಶಾಲನ ಹೆಂಡತಿ, ಮಿರಜದ ಕಡೆಯವಳು, ಬಿ.ಎಸ್ಸಿ. ಓದಿದವಳು. ಗೌಡರು ಒಣದ್ರಾಕ್ಷಿಗೆ ಹೊಸ ಶೆಡ್ ಕಟ್ಟಿಸಿದ ಮೇಲೆ ಹಳೆಯದು ಖಾಲಿ ಬಿದ್ದಿತ್ತು. ಅಲ್ಲಿ ಒಲೆ ಹೂಡಿದರು. ಮಸಾಲೆ ಖಾರ ಮತ್ತು ಹುರಿದ ಜೀರಿಗೆ ಪುಡಿ, ಎರಡೇ ಮಾಲು. ನಿಪ್ಪಾಣಿಯ ಕಾಕಾಸಾಹೇಬರೆಂಬ ಮಸಾಲೆ ವ್ಯಾಪಾರಿ ಖಾರ ಒಪ್ಪಿಕೊಂಡರು. ಜೀರಿಗೆ ಮಾತ್ರ ತಿರುಗಿ ಬಂತು. ಮೊದಲ ಸಲ ಕಹಿ, ಎರಡನೆಯ ಸಲ ಹಸಿ, ಮೂರನೆಯ ಸಲ ಅರ್ಧ ಕಹಿ ಅರ್ಧ ಹಸಿ. ಗೌರಾಬಾಯಿಯವರಿಗೆ ಈಗ ನೆಲದ ಮೇಲೆ ಕೂರಲಾಗದು. ರೂಪಾಲಿ ಮೊಬೈಲಿನಲ್ಲಿ ನೋಡಿ ಉಷ್ಣತೆ ಅಳೆಯುವ ಕಡ್ಡಿ ತರಿಸಿದ್ದಳು, ಅದನ್ನು ಬಾಣಲೆಯಲ್ಲಿ ಚುಚ್ಚಿ ಹುರಿದಳು. ಮಾರ್ಚ್ 20, ಗುರುವಾರ ನಾನೇ ಬರ್ತೀನಿ, ಅವತ್ತೂ ಹದ ತಪ್ಪಿದರೆ ಖಾರವೂ ಬೇಡ, ಜೀರಿಗೆಯೂ ಬೇಡ ಎಂದು ಕಾಕಾಸಾಹೇಬರು ಹೇಳಿ ಕಳಿಸಿದರು. ಹತ್ತು ಹೆಣ್ಣುಮಕ್ಕಳ ಕೆಲಸ ಅದರ ಮೇಲೆ ನಿಂತಿತು.

ಮಾರ್ಚ್ 17ರಂದು ಸಂಜೆ ಐದಕ್ಕೆ ರೂಪಾಲಿ ನಮ್ಮ ಮನೆಗೆ ಬಂದಳು. ಗೌಡರ ಮನೆಯ ಸೊಸೆ ನಮ್ಮ ಓಣಿಗೆ ಬಂದದ್ದು ಅದೇ ಮೊದಲು. ನಾನು ಕಟ್ಟೆಯ ಮೇಲೆ ಪೇಪರು ಹಿಡಿದು ಕುಳಿತಿದ್ದೆ. ನಿನ್ನ ಅವ್ವ ಬಟ್ಟೆ ಮಡಚುತ್ತಿದ್ದಳು.

"ಮಾವಶಿ, ನೀವು ಬರ್ರಿ. ನೀವು ಹೇಳ್ರಿ, ನಾನು ಹುರಿತೀನಿ," ಎಂದಳು ರೂಪಾಲಿ.

ನಿನ್ನ ಅವ್ವ ಮಡಚಿದ ಸೀರೆಯನ್ನು ಪಕ್ಕಕ್ಕಿಟ್ಟಳು. "ಹೊರಗ ಕುಂತ ಕೂಗೂದ ಸಾಕಾಗೇತಿ ನನಗ. ಗಂಟ್ಲ ಹರದ ಹೋಗೇತಿ. ಈ ಸಲ ಒಲಿ ಮುಂದ ನಾನ ಕುಂಡ್ರತೀನಿ. ಸೌಟ ನನ್ನ ಕೈಯಾಗ ಇರಬೇಕ."

ರೂಪಾಲಿ, "ಚಾಲತೈತಿ ಮಾವಶಿ, ಹಂಗ ಆಗಲಿ," ಎಂದಳು.

"ಇನ್ನೊಂದ ಐತಿ. ಯಾರ ಹುರದಾರ ಅಂತ ಯಾರರೆ ಕೇಳಿದ್ರ, ಜನಾಬಾಯಿ ಹುರದಾಳ ಅಂತ ಹೇಳಬೇಕ. ಮುಚ್ಚಿ ಇಡಂಗಿಲ್ಲ. ಮುಚ್ಚಿ ಇಡಾವ್ರಿದ್ರ ಈಗ ಹೇಳ್ರಿ, ನಾ ಬರೂದಿಲ್ಲ."

"ಅತ್ತೆಯವರು ಏನಂತಾರೋ..."

"ಅವ್ವಾರನ್ನ ಕೇಳಿಕೊಂಡ ಬಾ. ನಾ ಇಲ್ಲೇ ಅದೀನಿ."

ರೂಪಾಲಿ ಹೋಗಿ ಅರ್ಧ ತಾಸಿನಲ್ಲಿ ತಿರುಗಿ ಬಂದಳು. "ಅತ್ತೆಯವರಿಗೆ ಹೇಳೀನಿ. ಹೂಂ ಅಂದಿಲ್ಲ, ಊಹೂಂ ಅಂತನೂ ಅಂದಿಲ್ಲ. ಆದ್ರ ನಾ ಹೂಂ ಅಂತೀನಿ ಮಾವಶಿ," ಎಂದಳು. ನಿನ್ನ ಅವ್ವ ನನ್ನ ಕಡೆ ತಿರುಗಿ, "ಕೇಳಿದ್ರೆಲ್ಲಾ? ನೀವ ಸಾಕ್ಷಿ," ಎಂದಳು. ಕೇಳಿದೆ ಎಂದೆ. ಉಜ್ವಲಾ, ಅವಳ ಮುಖವನ್ನು ನೀನು ನೋಡಬೇಕಾಗಿತ್ತು. ನಿನಗೆ ಪೊಲೀಸ್ ಆಯ್ಕೆಯ ಕಾಗದ ಬಂದಾಗಲೂ ಅವಳು ಅಳುತ್ತ ನಕ್ಕಳೇ ಹೊರತು ಹೀಗೆ ನೆಟ್ಟಗೆ ನಿಂತಿರಲಿಲ್ಲ.

ಮಾರ್ಚ್ 19, ಬುಧವಾರ ಬೆಳಗ್ಗೆ ಆರಕ್ಕೆ ಅವಳು ಒಲೆ ಹೊತ್ತಿಸಿದಳು. ನಾನೂ ಹೋಗಿದ್ದೆ. ಪೊಟ್ಟಣದ ಮೇಲೆ ಹಾಕಲು ಕನ್ನಡದಲ್ಲಿ, ಮರಾಠಿಯಲ್ಲಿ ಬರೆದುಕೊಡಿ ಎಂದು ರೂಪಾಲಿ ಕರೆದಿದ್ದಳು. ಇಪ್ಪತ್ತು ಕಿಲೋ ಜೀರಿಗೆ. ಒಂದೊಂದು ಸಲಕ್ಕೆ ಎರಡು ಕಿಲೋ, ದಪ್ಪ ತಳದ ಕಬ್ಬಿಣದ ಬಾಣಲೆ. ಮೊದಲು ಬರುವುದು ಹಸಿ ಹುಲ್ಲಿನ ವಾಸನೆ. ಅದು ಕಾಳಿನ ತೇವ ಹೋಗುವ ಹೊತ್ತು. ಆಮೇಲೆ ಸ್ವಲ್ಪ ಹೊತ್ತು ಯಾವ ವಾಸನೆಯೂ ಇರುವುದಿಲ್ಲ. ಹೊಸಬರು ಉರಿ ಹೆಚ್ಚು ಮಾಡುವುದು ಇಲ್ಲಿಯೇ. ಇವಳು ಅಲ್ಲಿ ಉರಿ ಇನ್ನೂ ಹಿಂದಕ್ಕೆ ಎಳೆದಳು. ಆಮೇಲೆ ಬಿಸಿ ಪರಿಮಳ, ಚಿಟಿಚಿಟಿ ಸದ್ದು. ಬಣ್ಣ ಒಂದು ಛಾಯೆ ಕಪ್ಪಾಗುವ ಮೊದಲೇ ಇಳಿಸಿ, ಒದ್ದೆ ಗೋಣಿಯಲ್ಲಿ ಬಾಣಲೆ ಹಿಡಿದು, ಬಿಳಿ ಧೋತರದ ಮೇಲೆ ಸುರಿದು ಹರವಿದಳು. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಯೇ ಕಾಳನ್ನು ಕಹಿ ಮಾಡುತ್ತದಂತೆ. ಒಲೆ ಆರಿಸಿಯೂ ಮೊದಲಿನ ಮಾಲು ಕೆಟ್ಟದ್ದು ಹೀಗೆ.

ರೂಪಾಲಿ ಅಭ್ಯಾಸಬಲದಿಂದ ಕಡ್ಡಿ ಚುಚ್ಚಲು ಬಂದಳು.

"ತಗೀ ಬೇ ಅದನ್ನ! ಜೀರಗಿಗೆ ಏನ ಜ್ವರ ಬಂದಾವ?" ಎಂದು ಇವಳು ಗದರಿದಳು. ಹೆಂಗಸರೆಲ್ಲ ನಕ್ಕರು. ಎರಡನೆಯ ಬಾಣಲೆಯ ಹೊತ್ತಿಗೆ ಬೇರೆ ಹೆಂಗಸರು ನಗುವುದನ್ನು ಬಿಟ್ಟು ಹತ್ತಿರ ಬಂದು ನೋಡತೊಡಗಿದರು. ಹನ್ನೊಂದಕ್ಕೆ ಇಪ್ಪತ್ತು ಕಿಲೋ ಮುಗಿಯಿತು. ಹತ್ತು ರಾಶಿ, ಒಂದೇ ಬಣ್ಣ. ನಾನು ಒಂದೊಂದರಿಂದಲೂ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಎಲ್ಲಿಯೂ ಕಹಿ ಇಲ್ಲ. ಇದು ಗಂಡ ಹೇಳುವ ಮಾತಲ್ಲ, ನೋಡಿ ತಿಳಿದು ಬರೆಯುತ್ತಿದ್ದೇನೆ.

ಗುರುವಾರ ಮಧ್ಯಾಹ್ನ ಮೂರೂವರೆಗೆ ಕಾಕಾಸಾಹೇಬರ ಜೀಪು ಬಂತು. ದಪ್ಪ ಆಳು, ಬಿಳಿ ಟೊಪ್ಪಿಗೆ, ಬಾಯಲ್ಲಿ ಕನ್ನಡ ಮರಾಠಿ ಎರಡೂ ಕೂಡಿಯೇ ಬರುತ್ತವೆ. ಶೆಡ್ಡಿನಲ್ಲಿ ಸಂಘದ ಹತ್ತು ಜನ, ವಿರುಪಾಕ್ಷಪ್ಪ ಗೌಡರು, ಗೌರಾಬಾಯಿಯವರು ಕುರ್ಚಿಯಲ್ಲಿ, ವಿಶಾಲ, ನಾನು. ನಿನ್ನ ಅವ್ವ ಒಲೆಯ ಪಕ್ಕದಲ್ಲಿ ನಿಂತಿದ್ದಳು. ಕಾಕಾಸಾಹೇಬರು ಒಂದು ಹಿಡಿ ಜೀರಿಗೆ ತೆಗೆದುಕೊಂಡು ಅಂಗೈಯಲ್ಲಿ ತಿಕ್ಕಿದರು, ಮೂಸಿದರು, ಜಗಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಮಜ್ಜಿಗೆ ತರ್ರಿ ಎಂದರು. ಗೌರಾಬಾಯಿಯವರು ಮನೆಯಿಂದ ದೊಡ್ಡ ಕ್ಯಾನಿನಲ್ಲಿ ಮಜ್ಜಿಗೆ ತರಿಸಿದ್ದರು. ಅದರಲ್ಲಿ ಹುರಿದ ಜೀರಿಗೆಯನ್ನು ಕುಟ್ಟಿ ಹಾಕಿ ಎಲ್ಲರಿಗೂ ಲೋಟದಲ್ಲಿ ಕೊಟ್ಟರು. ನನಗೂ ಕೊಟ್ಟರು. ಎಲ್ಲರೂ ಒಂದೆರಡು ಗುಟುಕು ಕುಡಿದಿದ್ದರು. ಆಗ ಕಾಕಾಸಾಹೇಬರು ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡರು.

"ಆಯ್ಲಾ! ನಲವತ್ತ ವರ್ಷ ಆತು ಜೀರಗಿ ಮಾರಾಕತ್ತ. ಇಷ್ಟ ಏಕಸಾರಖಾ, ಎಲ್ಲಾ ಒಂದ ಹದಕ್ಕ ಹುರದದ್ದ ನಾ ನೋಡಿಲ್ಲ. ಹೊಟ್ಟಿಗೆ ಔಷಧ ಇದ್ದಂಗ ಐತಿ, ಬಾಯಿಗೆ ಹಬ್ಬ ಇದ್ದಂಗ ಐತಿ. ಹೇಳ್ರಿ, ಯಾರ ಹುರದಾರ ಇದನ್ನ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರ ಕೈಯಲ್ಲೂ ಅರ್ಧ ಕುಡಿದ ಲೋಟ. ರೂಪಾಲಿ ಬಾಯಿ ತೆರೆಯುವಷ್ಟರಲ್ಲಿ ಯಾರೋ, "ಗೌರಾಬಾಯಿಯವ್ರರಿ," ಎಂದರು. ಕಾಕಾಸಾಹೇಬರು ಅವರ ಕಡೆ ತಿರುಗಿ ಕೈ ಮುಗಿಯಲು ಹೊರಟರು.

ಆಗ ನಿನ್ನ ಅವ್ವ ಒಲೆಯ ಪಕ್ಕದಿಂದ ಎರಡು ಹೆಜ್ಜೆ ಮುಂದೆ ಬಂದಳು.

"ಅಲ್ರಿ. ಅವರು ಹುರದಿಲ್ಲ. ನಾ ಹುರದೀನಿ. ಜನಾಬಾಯಿ ನನ್ನ ಹೆಸರ."

ಗಟ್ಟಿಯಾಗಿಯೇ ಹೇಳಿದಳು. ಅಂಗಳದಿಂದ ಕೂಗುತ್ತಿದ್ದ ದನಿಯಲ್ಲ, ಎದುರಿಗೆ ನಿಂತು ಹೇಳುವ ದನಿ. ಕಾಕಾಸಾಹೇಬರು ಒಮ್ಮೆ ಇವಳನ್ನು, ಒಮ್ಮೆ ಗೌಡರನ್ನು ನೋಡಿದರು. ಸಂಘದ ಮಂಗಲ ಎಂಬಾಕೆ ಲೋಟವನ್ನು ಮೆಲ್ಲಗೆ ನೆಲದ ಮೇಲೆ ಇಟ್ಟಳು. ಇನ್ನಿಬ್ಬರೂ ಇಟ್ಟರು. ಗೌಡರು ತಮ್ಮ ಲೋಟದೊಳಗೆ ನೋಡುತ್ತ ಕುಳಿತರು.

ಗೌರಾಬಾಯಿಯವರು ಕುರ್ಚಿಯ ಕೈ ಹಿಡಿದು ಎದ್ದರು. ಅವರ ಮೇಲೆ ನನಗೆ ನಂಬಿಕೆ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

"ಹೌದು, ಆಕಿನ ಹುರದಾಳ," ಎಂದರು. "ಏನ ಮಂಗಲಾ, ಲ್ವಾಟಾ ಯಾಕ ಇಟ್ಟಿ? ನಮ್ಮ ವಿಶ್ಯಾ ಹುಟ್ಟಿದಾಗ ನನಗ ಹಾಲ ಬರವಲ್ದಾಗಿತ್ತು. ಬಚ್ಚಲ ಒಲಿ ಮ್ಯಾಲ ಜೀರಗಿ ಕುದಿಸಿ, ಹನ್ನೊಂದ ದಿನ ಮೂರ ಹೊತ್ತ ನನಗ ಕುಡಿಸಿದಾಕಿ ಇಕಿ. ಬಾಣಂತಿ ಇದ್ದಾಗ ನಡದದ್ದು ಎದ್ದ ಓಡಾಡಿದ ಮ್ಯಾಲ ನಡಿಯಂಗಿಲ್ಲ ಅಂದ್ರ ಅದೇನ ಲೆಕ್ಕ? ವಿಶ್ಯಾ ಬೆಳದದ್ದ ಆ ನೀರಿನ ಮ್ಯಾಲ. ನೋಡ್ರಿ, ಕೋಣ ಆದಂಗ ಆಗ್ಯಾನ."

ವಿಶಾಲ ನಾಚಿಕೊಂಡು, "ಯವ್ವಾ, ಮಂದಿ ಮುಂದ..." ಎಂದ. ಅದು ನಿಜ ಸಂಗತಿ. ನಿನ್ನ ಅಜ್ಜಿ ಸೂಲಗಿತ್ತಿಯಾಗಿದ್ದಳು, ಸೊಸೆಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಹೆರಿಗೆಯ ಮೈಲಿಗೆ ಇರುವ ಹನ್ನೊಂದು ದಿನ ಬಾಣಂತಿಯ ಕೋಣೆ ಆ ಮನೆಗೆ ಸೇರಿದ್ದೇ ಅಲ್ಲ ಎಂಬ ಹಾಗೆ ಇರುತ್ತಿತ್ತು. ಅಲ್ಲಿ ನಮ್ಮ ಕೈ ಕುದಿಸಿದ್ದು ಔಷಧವಾಗುತ್ತಿತ್ತು. ಹನ್ನೆರಡನೆಯ ದಿನ ಅದೇ ಕೈ ಹೊಸ್ತಿಲ ಹೊರಗೆ.

ಎಲ್ಲರೂ ಗೌಡರನ್ನೇ ನೋಡುತ್ತಿದ್ದರು. ಅವರು ಲೋಟ ಎತ್ತಿ ತಳದ ತನಕ ಕುಡಿದು, "ಜೀರಗಿ ಬರೋಬರಿ ಐತಿ. ಮಜ್ಜಗಿಗೆ ಉಪ್ಪ ಕಡಿಮಿ ಆಗೇತಿ," ಎಂದರು.

"ಮಜ್ಜಗಿ ನಂದು!" ಎಂದರು ಗೌರಾಬಾಯಿಯವರು. "ಉಪ್ಪ ಡಾಕ್ಟರ ಬಿಡಸ್ಯಾರ ನಿಮಗ!"

ಶೆಡ್ಡೆಲ್ಲ ನಕ್ಕಿತು. ಕಾಕಾಸಾಹೇಬರು ನಿನ್ನ ಅವ್ವನ ಕಡೆ ತಿರುಗಿ ಪೂರ್ತಿ ಕೈ ಮುಗಿದರು. "ಬಾಯಿ, ಪೊಟ್ಟಣದ ಮ್ಯಾಲ ನಿಮ್ಮ ಹೆಸರ ಇದ್ರ ನಾ ಒಯ್ಯತೀನಿ. ನಾಳೆ ಬ್ಯಾರೆಯವ್ರ ಹುರದದ್ದ ತಂದ ಕೊಟ್ರ ನನಗ ಗೊತ್ತಾಗಬೇಕ," ಎಂದರು. ವ್ಯಾಪಾರಿಯ ಮಾತು. ಆದರೆ ಅದು ಅವಳ ಹೆಸರನ್ನು ಕೇಳಿದ ಮಾತು.

ಕೈ ಸೋತಿದೆ. ಉಳಿದದ್ದನ್ನು ಪ್ರೆಸ್ಸಿನಿಂದ ಕಾಗದ ಬಂದ ಮೇಲೆ ಬರೆಯುತ್ತೇನೆ.

ಶುಕ್ರವಾರ, 4 ಏಪ್ರಿಲ್

ಇವತ್ತು ಬಂತು. ಈ ಪತ್ರದ ಜೊತೆ ಇಟ್ಟಿದ್ದೇನೆ. ಹಳದಿ ಲೇಬಲ್, ಎರಡು ಭಾಷೆ. ಕೆಳಗಿನ ಸಾಲು ನೋಡು: "ಹುರಿದವರು: ಜನಾಬಾಯಿ ಭರಮು ಕಾಂಬಳೆ, ಬೋರವಾಡಿ." ಅಕ್ಷರ ನನ್ನದು. ಪ್ರೆಸ್ಸಿನವನು ಅದನ್ನೇ ಅಚ್ಚು ತೆಗೆದಿದ್ದಾನೆ.

ಈ ಲೇಬಲ್ಲಿನ ಮೇಲೆ ರೂಪಾಲಿಗೂ ನನಗೂ ಸಣ್ಣ ಜಗಳವಾಯಿತು. ಅವಳು ಸಕ್ಕರೆ ಕಾಯಿಲೆ, ಬೊಜ್ಜು, ರಕ್ತದೊತ್ತಡ ಎಲ್ಲಕ್ಕೂ ರಾಮಬಾಣ ಎಂದು ಹಾಕಿಸಲು ಹೊರಟಿದ್ದಳು. ಮೊಬೈಲಿನಲ್ಲಿ ಹಾಗೆ ಬಂದಿದೆಯಂತೆ. ನಾನು ಒಪ್ಪಲಿಲ್ಲ. ತಿನ್ನುವ ಪದಾರ್ಥದ ಮೇಲೆ ಕಾಯಿಲೆ ವಾಸಿ ಮಾಡುತ್ತದೆ ಎಂದು ಬರೆಯುವುದು ತಪ್ಪು, ಅಂಥ ಕೇಸುಗಳ ಸುದ್ದಿ ನಾನೇ ಓದಿದ್ದೇನೆ ಎಂದೆ. "ಭರಮು ಕಾಕಾ, ಇಷ್ಟ ಖರೇ ಬರದ್ರ ಯಾರ ತಗೋತಾರ?" ಎಂದಳು. ಕೊನೆಗೆ, ಊಟದ ನಂತರ ಮಜ್ಜಿಗೆಯಲ್ಲಿ ಅಥವಾ ಬಿಸಿನೀರಿನಲ್ಲಿ ಅರ್ಧ ಚಮಚ, ಹೊಟ್ಟೆ ಹಗುರಾಗಲು ಹಿಂದಿನಿಂದ ಬಳಸುತ್ತ ಬಂದದ್ದು ಎಂದಷ್ಟೇ ಉಳಿಯಿತು. ಸುಳ್ಳಿಲ್ಲದ ಲೇಬಲ್ ಎಂದು ನಾನು ಹೇಳಬಲ್ಲೆ.

ಎಲ್ಲ ಸರಿಹೋಯಿತು ಎಂದು ನೀನು ತಿಳಿಯಬಾರದು. ಮಂಗಲ ಮತ್ತು ಇನ್ನೊಬ್ಬಳು ಸಂಘ ಬಿಟ್ಟಿದ್ದಾರೆ. ಲೋಟ ಕೆಳಗಿಟ್ಟ ಮೂರನೆಯವಳು ಎರಡು ದಿನ ಬಿಟ್ಟು ತಾನಾಗಿಯೇ ತಿರುಗಿ ಬಂದಳು. ಊರೊಳಗಿನ ಭೀಮಗೊಂಡ ಎಂಬವರ ಮನೆಗೆ ಕೊಟ್ಟಿದ್ದ ಒಂದು ಪೊಟ್ಟಣ ವಾಪಸು ಬಂತು, ಬಿಚ್ಚದೆ. ಗೌರಾಬಾಯಿಯವರ ಸ್ವಂತ ಅಡುಗೆಮನೆಯ ಹೊಸ್ತಿಲು ಇದ್ದಲ್ಲಿಯೇ ಇದೆ. ಶೆಡ್ಡಿನಲ್ಲಿ ನಡೆದದ್ದು ಮನೆಯೊಳಗೆ ಇನ್ನೂ ನಡೆದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಆದರೆ ನಿನ್ನೆ ಅಥಣಿಯ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನಿನ್ನ ಅವ್ವನನ್ನು, "ನೀವ ಏನ್ರಿ ಜೀರಗಿ ಜನಾಬಾಯಿ?" ಎಂದು ಕೇಳಿದಳಂತೆ. ಇವಳು, "ಹೌದ್ರಿ, ನಾನ," ಎಂದು ಹೇಳಿ, ಇಳಿಯುವ ತನಕ ಅವಳಿಗೆ ಉರಿ ಹಿಂದಕ್ಕೆ ಎಳೆಯುವುದು ಹೇಗೆಂದು ಕಲಿಸಿದ್ದಾಳೆ. ಮನೆಗೆ ಬಂದು ಆ ಮಾತನ್ನು ಮೂರು ಸಲ ಹೇಳಿದಳು. ಮೂರನೆಯ ಸಲ ಕೇಳುವಾಗಲೂ ನನಗೆ ಬೇಸರವಾಗಲಿಲ್ಲ.

ನಿನಗೆ ಬೇರೆ ಪಾರ್ಸಲಿನಲ್ಲಿ ಅರ್ಧ ಕಿಲೋ ಪುಡಿ ಕಳಿಸಿದ್ದೇವೆ. ಮೆಸ್ಸಿನ ಊಟ ಒಗ್ಗದೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಬರೆದಿದ್ದೀಯಲ್ಲ, ಅದಕ್ಕೆ. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಅಲ್ಲಿಯ ಡಾಕ್ಟರಿಗೆ ತೋರಿಸು, ಅವ್ವನ ಜೀರಿಗೆ ಇದೆ ಎಂದು ಕೂರಬೇಡ. ನಿನ್ನ ಜೊತೆಯ ಹುಡುಗಿಯರಿಗೂ ಕೊಡು. ಲೇಬಲ್ ತೋರಿಸಿ ಕೊಡು.

ಮೈದಾನದಲ್ಲಿ ನೀನು ನಡೆಯುವಾಗ ಬೆನ್ನು ಬಾಗದಿರಲಿ. ನಿನ್ನ ಎದೆಯ ಮೇಲೆ ಹೆಸರಿನ ಪಟ್ಟಿ ಬರುವ ದಿನ ಅದನ್ನು ಓದಲು ನಾವಿಬ್ಬರೂ ಬರುತ್ತೇವೆ. ಬುದ್ಧನ ಕರುಣೆ ನಿನ್ನ ಮೇಲಿರಲಿ, ಬಾಬಾಸಾಹೇಬರ ದಾರಿ ನಿನ್ನ ಕಾಲ ಕೆಳಗಿರಲಿ. ನಿನ್ನ ಅವ್ವ ಆಶೀರ್ವಾದ ಹೇಳಿದ್ದಾಳೆ. ಹೊಟ್ಟೆ ತುಂಬ ಉಣ್ಣು ಎಂದೂ ಹೇಳಿದ್ದಾಳೆ.

ಇಂತಿ ನಿನ್ನ ಅಪ್ಪ,
ಭರಮು ಕಾಂಬಳೆ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ. ತಿರುಗಿ ತೆಗೆದೆ. ಮೇಲೆ ಒಂದು ಕಡೆ "ಯಾರೋ" ಎಂದು ಬರೆದಿದ್ದೇನೆ. ಹೆಸರಿಲ್ಲದ ಸುದ್ದಿಯನ್ನು ನಿನಗೆ ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ಅವತ್ತು ಶೆಡ್ಡಿನಲ್ಲಿ "ಗೌರಾಬಾಯಿಯವ್ರರಿ" ಎಂದವನು ನಾನು.

ನನ್ನನ್ನು ಯಾರೂ ಹೆದರಿಸಿರಲಿಲ್ಲ. ಹಾಗೆ ಹೇಳು ಎಂದು ಯಾರೂ ಹೇಳಿರಲಿಲ್ಲ. ಗೌಡರು ನನ್ನ ಕಡೆ ನೋಡಿಯೂ ಇರಲಿಲ್ಲ. ರೂಪಾಲಿ ಕೊಟ್ಟ ಮಾತಿನಂತೆ ಹೇಳಲು ಬಾಯಿ ತೆರೆದಿದ್ದಳು, ನಾನು ನೋಡಿದೆ. ಅರ್ಧ ನಿಮಿಷ ಸುಮ್ಮನಿದ್ದಿದ್ದರೆ ಸಾಕಿತ್ತು. ಆರ್ಡರ್ ಹೋದೀತು ಎಂದು ಹೆದರಿದೆ ಎಂದು ಬರೆಯೋಣವೆಂದರೆ ಅದೂ ಪೂರ್ತಿ ನಿಜವಲ್ಲ. ಆ ಮಾತು ಮೊದಲೇ ಸಿದ್ಧವಾಗಿ ಬಾಯಲ್ಲಿ ಕುಳಿತಿತ್ತು, ತಾನಾಗಿ ಹೊರಗೆ ಬಂತು. ನಿನ್ನ ಅವ್ವ "ಅಲ್ರಿ" ಎಂದದ್ದು ಕಾಕಾಸಾಹೇಬರಿಗಲ್ಲ, ನನಗೆ.

ಅವಳು ಬೈದಿಲ್ಲ. ಅನ್ನ ಬಡಿಸುತ್ತಾಳೆ, ಬಸ್ಸಿನ ಸುದ್ದಿ ಹೇಳುತ್ತಾಳೆ, ನಗುತ್ತಾಳೆ. ಮರುದಿನ ಬೆಳಗ್ಗೆ ಚಹಾ ಕೊಡುವಾಗ ಮಾತ್ರ ಒಮ್ಮೆ ಕೇಳಿದಳು: "ಅವರೆಲ್ಲಾ ಸುಮ್ಮ ಕುಂತಿದ್ರು. ನೀವ್ಯಾಕ ಹೇಳಿದ್ರಿ?"

ಇವತ್ತಿಗೆ ಹದಿನಾಲ್ಕು ದಿನ. ಅವಳು ಮತ್ತೆ ಕೇಳಿಲ್ಲ. ನಾನು ಇನ್ನೂ ಉತ್ತರ ಕೊಟ್ಟಿಲ್ಲ.